ಅಂಗಪ್ಪನ್ ಹೊಟ್ಟೆಯ ಗೆರೆ

ಅಂಗಪ್ಪನ್ ಅವರನ್ನು ಮೊದಲ ಸಲ ಕಂಡಾಗ ನಾನು ಅವರನ್ನು ಪ್ರೊಫೆಸರ್ ಅಂದುಕೊಂಡೆ. ತಪ್ಪು ನನ್ನದಲ್ಲ, ಅವರು ತೊಟ್ಟಿದ್ದ ಕೋಟಿನದು.

ಅದು ಎಂಬತ್ತನಾಲ್ಕನೇ ಇಸವಿ. ಔಷಧ ಕಂಪನಿಯೊಂದು ನನಗೆ ಒಂದು ಚರ್ಮದ ಚೀಲ, ಒಂದು ಟೈ ಮತ್ತು ಇಡೀ ಕೊಯಮತ್ತೂರು ಜಿಲ್ಲೆಯನ್ನು ಕೊಟ್ಟು ಮೈಸೂರಿನಿಂದ ಕಳಿಸಿತ್ತು. ಆಗ ತಿರುಪ್ಪೂರೂ ಆ ಜಿಲ್ಲೆಗೇ ಸೇರಿತ್ತು. ಡಾಕ್ಟರುಗಳ ಬಾಗಿಲಲ್ಲಿ ಕಾದು ನಿಂತು ನಮ್ಮ ಮಾತ್ರೆಗಳನ್ನು ಹೊಗಳುವುದು ನನ್ನ ಕೆಲಸ. ಆ ಬಿಸಿಲಿನಲ್ಲಿ ಟೈ ಕಟ್ಟುತ್ತಿದ್ದವರು ಊರಿನಲ್ಲಿ ಇಬ್ಬರೇ: ನಾನು, ಮತ್ತು ರೈಲ್ವೆ ಸ್ಟೇಷನ್ ಎದುರಿನ ದೊಡ್ಡ ಹೋಟೆಲಿನ ಬಾಗಿಲು ಕಾಯುವವನು. ಅವನಿಗಾದರೂ ಜನ ಸಲಾಮು ಹೊಡೆಯುತ್ತಿದ್ದರು.

ಪೊಳ್ಳಾಚಿ ರಸ್ತೆಯಲ್ಲಿ ಒಂದು ಫಾರ್ಮಸಿ ಕಾಲೇಜು. ಅಲ್ಲಿಯ ಪ್ರೊಫೆಸರ್ ಹೇಳಿದ ಮಾತನ್ನು ಊರಿನ ಡಾಕ್ಟರುಗಳು ಕೇಳುತ್ತಾರೆ ಎಂದು ಯಾರೋ ಹೇಳಿದ್ದರಿಂದ ಒಂದು ಮಧ್ಯಾಹ್ನ ಮಹಡಿಯ ಪ್ರಯೋಗಶಾಲೆಗೆ ಹೋದೆ. ಅಲ್ಲಿ ಉದ್ದನೆಯ ಬಿಳಿ ಕೋಟು ತೊಟ್ಟ, ನಲವತ್ತೈದರ ಆಸುಪಾಸಿನ ಒಬ್ಬರು, ನಿಧಾನವಾಗಿ ತಿರುಗುವ ಒಂದು ಡ್ರಮ್ಮಿನ ಮುಂದೆ ತಲೆ ಬಗ್ಗಿಸಿ ಕೂತಿದ್ದರು. ಕೋಟಿನ ತುಂಬ ಕರಿ ಕಲೆ. ಎಡಬಲದಲ್ಲಿ ಇಬ್ಬರು ಲೆಕ್ಚರರುಗಳು ಕೈಕಟ್ಟಿ ನಿಂತಿದ್ದರು. ಒಬ್ಬ ತಮಿಳಿನಲ್ಲಿ, "ಇನ್ನೊಂದು ತೊಟ್ಟು ಬಿಡಲಾ?" ಎಂದು ಕೇಳಿದ. ಕೋಟಿನವರು ತಿರುಗಿಯೂ ನೋಡದೆ ಒಂದು ಬೆರಳು ಎತ್ತಿದರು. ತಾಳು ಎಂದು ಅರ್ಥ. ಆತ ತಾಳಿಕೊಂಡ.

ಒಂದು ಬೆರಳಿನಿಂದ ಲೆಕ್ಚರರನ್ನು ನಿಲ್ಲಿಸುವವರು ಪ್ರೊಫೆಸರಲ್ಲದೆ ಇನ್ನಾರು? ನಾನು ಚೀಲ ತೆರೆದು ಶುರುಮಾಡಿಯೇಬಿಟ್ಟೆ. ಇಂಗ್ಲಿಷಿನಲ್ಲಿ, ಹತ್ತು ನಿಮಿಷ, ನಮ್ಮ ಹೊಸ ಅಲರ್ಜಿ ಮಾತ್ರೆಯ ಮೇಲೆ. "ಅಂದ್ರೆ ಸರ್, ಒಂದೇ ಒಂದು ಮಾತ್ರೆ. ಹಿಸ್ಟಮಿನ್ ಕತೆ ಮುಗಿಯಿತು. ಮೂಗಾಗಲಿ, ಚರ್ಮವಾಗಲಿ, ಹೊಟ್ಟೆಯಾಗಲಿ, ಟೋಟಲ್ ಸ್ಟಾಪ್. ಹನ್ನೆರಡು ಗಂಟೆ ಅಲುಗಾಡುವ ಹಾಗಿಲ್ಲ!" ಕೊನೆಯ ಮಾತಿಗೆ ನಾನು ಅಂಗೈಯನ್ನು ಗಾಳಿಯಲ್ಲಿ ಅಡ್ಡಲಾಗಿ, ಹಲಗೆ ತಟ್ಟಿದ ಹಾಗೆ ಎಳೆದೆ. ತರಬೇತಿಯಲ್ಲಿ ಕಲಿಸಿದ್ದಕ್ಕಿಂತ ಚೆನ್ನಾಗಿ ಬಂತು.

ಅವರು ನನ್ನ ಅಂಗೈ ನೋಡಿದರು. ಆಮೇಲೆ ಡ್ರಮ್ಮನ್ನು ನೋಡಿದರು. ಮುಖದ ಬಣ್ಣ ಇಳಿದುಹೋಗಿತ್ತು. ನನ್ನ ಮಾತಿನ ಪ್ರಭಾವ ಎಂದುಕೊಂಡೆ. ಅದು ನಿಜವೇ ಆಗಿತ್ತು, ನಾನು ಅಂದುಕೊಂಡ ರೀತಿಯಲ್ಲಲ್ಲ.

"ಸಾರು ಊಟಕ್ಕೆ ಹೋಗವ್ರೆ," ಎಂದರು ಕನ್ನಡದಲ್ಲಿ. ನನ್ನ ಇಂಗ್ಲಿಷಿನ ನಡುವೆ ಉದುರಿದ 'ಅಂದ್ರೆ'ಗಳನ್ನು ಹಿಡಿದಿದ್ದರು. "ನಾನು ಅಟೆಂಡರುಂಗೋ. ಬೆಂಚ್ ಮ್ಯಾಲೆ ಕುಂತ್ಕಳಿ."

ಲೆಕ್ಚರರುಗಳು ನಕ್ಕರು. ಅವರು ನಗಲಿಲ್ಲ.

ಕೋಟು ಪ್ರೊಫೆಸರ್ ನಂಜುಂಡನ್ ಅವರು ಬಿಟ್ಟ ಹಳೆಯದು. ಮಸಿಯ ಕೆಲಸಕ್ಕೆಂದು ತೊಡುವುದು. ಅಂಗಪ್ಪನ್ ನೆಗಮದವರು. ಪೊಳ್ಳಾಚಿಯ ಹತ್ತಿರದ ಆ ಊರಿನಲ್ಲಿ ಬೀದಿಗೆ ಬೀದಿಯೇ ಕನ್ನಡ ಮಾತಾಡುವ ದೇವಾಂಗ ನೇಕಾರರು. ಎಷ್ಟೋ ತಲೆಮಾರಿನ ಹಿಂದೆ ಬಂದವರು. ಚೌಡಮ್ಮನಿಗೆ ಕೈ ಮುಗಿಯುವುದೂ ಹೆಂಡತಿಯೊಡನೆ ಜಗಳವೂ ಕನ್ನಡದಲ್ಲಿ, ಉಳಿದದ್ದೆಲ್ಲ ತಮಿಳಿನಲ್ಲಿ. ಕನ್ನಡ ಅಕ್ಷರ ಒಂದೂ ಬಾರದು. ನಾನು ಮೈಸೂರು ಕನ್ನಡದಲ್ಲಿ ಮಾತಾಡಿದರೆ, "ನೀವು ರೇಡಿಯೋ ಥರ ಮಾತಾಡ್ತೀರಿ ಸಾರ್," ಎನ್ನುತ್ತಿದ್ದರು. ನಾನು ಅದನ್ನು ಬಹುಕಾಲ ಹೊಗಳಿಕೆ ಎಂದೇ ತಿಳಿದಿದ್ದೆ.

ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಬೆಳೆದ ಮನುಷ್ಯ ಪ್ರಯೋಗಶಾಲೆಗೆ ಬಂದದ್ದು ಒಂದು ಗಂಟಿನಿಂದ. ಎಪ್ಪತ್ತೊಂದರಲ್ಲಿ ಕಾಲೇಜಿನ ಕತ್ತಲೆಕೋಣೆಗೆ ಪರದೆಯ ಬಟ್ಟೆ ತಂದುಕೊಟ್ಟವರು, ಮೇಜಿನ ಮೇಲೆ ವಿದ್ಯಾರ್ಥಿಗಳು ಒದ್ದೆ ಮಾಂಸದ ತುಣುಕಿಗೆ ದಾರ ಕಟ್ಟಲು ಒದ್ದಾಡುವುದನ್ನು ನೋಡುತ್ತ ನಿಂತರು. ದಾರ ಜಾರುತ್ತಿತ್ತು, ಇಲ್ಲವೇ ಮಾಂಸ ಹರಿಯುತ್ತಿತ್ತು. ಹತ್ತು ನಿಮಿಷ ತಡೆದುಕೊಂಡರು. ಆಮೇಲೆ, "ಅಪ್ಪಡಿ ಕಟ್ಟಬಾರ್ದು ಸಾಮಿ," ಎಂದು ದಾರ ಇಸಿದುಕೊಂಡು ಮಗ್ಗದಲ್ಲಿ ಕಡಿದ ಎಳೆ ಸೇರಿಸುವ ಗಂಟು ಹಾಕಿದರು. ಹಿಡಿದದ್ದು ಕಾಣುವುದಿಲ್ಲ, ಬಿಟ್ಟದ್ದು ಉಂಟೇ ಇಲ್ಲ. ನಂಜುಂಡನ್ ಪರದೆಯನ್ನು ಮರೆತರು, ಮನುಷ್ಯನನ್ನು ಇಟ್ಟುಕೊಂಡರು.

ಆ ಮಾಂಸದ ತುಣುಕಿನ ವಿಚಾರ ಹೇಳಬೇಕು, ಯಾಕೆಂದರೆ ಮುಂದಿನ ಭಯವೆಲ್ಲ ಅದರಿಂದಲೇ ಹುಟ್ಟಿದ್ದು. ಗಿನಿಪಿಗ್ ಎಂಬುದು ದಪ್ಪ ಇಲಿಯಂಥ ಪ್ರಾಣಿ. ಅದರ ಜಠರದ ಗೋಡೆಯಿಂದ ಬೆರಳಗಲದ ಪಟ್ಟಿ ಕತ್ತರಿಸಿ, ಮೈಬಿಸಿಯಷ್ಟು ಬೆಚ್ಚಗಿನ ಉಪ್ಪುನೀರಿನ ಗಾಜಿನ ಕೊಳವೆಯಲ್ಲಿ ಕಟ್ಟುತ್ತಾರೆ. ಗಾಳಿಯ ಗುಳ್ಳೆ ಬಿಡುತ್ತಿದ್ದರೆ ಪಟ್ಟಿ ಗಂಟೆಗಟ್ಟಲೆ ಜೀವ ಹಿಡಿದಿರುತ್ತದೆ. ಅದರ ಮೇಲ್ತುದಿಯ ದಾರ ಒಂದು ಹಗುರ ಕಡ್ಡಿಗೆ. ಕಡ್ಡಿಯ ಇನ್ನೊಂದು ತುದಿ ಮಸಿ ಹಿಡಿಸಿದ ಕಾಗದ ಸುತ್ತಿದ ಡ್ರಮ್ಮಿಗೆ. ಸ್ನಾಯು ಕುಗ್ಗಿದರೆ ಕಡ್ಡಿ ಏಳುತ್ತದೆ, ಕರಿ ಕಾಗದದ ಮೇಲೆ ಬಿಳಿ ಗೆರೆ ಗುಡ್ಡ ಹತ್ತುತ್ತದೆ. ಸುಮ್ಮನಿದ್ದರೆ ಗೆರೆ ಮಟ್ಟಸ.

ಹಿಸ್ಟಮಿನ್ ನಮ್ಮ ಮೈಯಲ್ಲೇ ಇರುವ ವಸ್ತು. ಚರ್ಮದಲ್ಲಿ ಕೆರಳಿದರೆ ದದ್ದು, ಮೂಗಿನಲ್ಲಿ ಸೀನು. ಆ ಪಟ್ಟಿಯ ಮೇಲೆ ಒಂದು ತೊಟ್ಟು ಬಿದ್ದರೆ ಸ್ನಾಯು ಗಪ್ಪನೆ ಹಿಡಿದುಕೊಳ್ಳುತ್ತದೆ, ಗೆರೆ ಏಳುತ್ತದೆ. ಆದರೆ ಫೆನಿರಮಿನ್ ಎಂಬ ಅಲರ್ಜಿ ಮದ್ದನ್ನು ಮೊದಲು ಹಾಕಿ ಆಮೇಲೆ ಹಿಸ್ಟಮಿನ್ ಹಾಕಿದರೆ ಏನೂ ಆಗುವುದಿಲ್ಲ. ಗೆರೆ ಮಲಗಿಯೇ ಇರುತ್ತದೆ. ವಿದ್ಯಾರ್ಥಿಗಳು ಖುಷಿಯಾಗಿ ಬರೆದುಕೊಳ್ಳುತ್ತಾರೆ, ಗಂಟೆ ಬಾರಿಸುತ್ತದೆ. ಅಂಗಪ್ಪನ್ ಡ್ರಮ್ಮು ನಿಲ್ಲಿಸಿ, ಕಾಗದ ಬಿಡಿಸಿ, ಮಸಿ ಅಳಿಸದಂತೆ ಅರಗಿನ ನೀರಿನಲ್ಲಿ ಅದ್ದಿ, ಒಗೆದ ಬಟ್ಟೆಯ ಹಾಗೆ ಹಗ್ಗಕ್ಕೆ ನೇತುಹಾಕುತ್ತಾರೆ. ಪಟ್ಟಿಯನ್ನು ದಾರ ಕತ್ತರಿಸಿ ಬಕೆಟ್ಟಿಗೆ ಎಸೆಯುತ್ತಾರೆ. ಪ್ರತಿ ಬುಧವಾರ ಹೀಗೆ, ಹದಿಮೂರು ವರ್ಷ.

ಇದನ್ನು ಕಂಪನಿಯವರು ನನಗೆ ಮೂರು ದಿನ ಕಲಿಸಿದ್ದರು. ಅರ್ಥವಾದದ್ದು ಅಂಗಪ್ಪನ್ ಪಕ್ಕದ ಬೆಂಚಿನಲ್ಲಿ ಕೂತಾಗ. ಆ ದಿನದ ನಗೆಪಾಟಲಿನ ನಂತರ ನಾನು ಆ ಕಡೆ ಹೋದಾಗಲೆಲ್ಲ ಅಲ್ಲಿ ಕೂರುತ್ತಿದ್ದೆ. ಕನ್ನಡ ಕೇಳುವುದಕ್ಕೆ ಎಂದು ಹೇಳಿಕೊಳ್ಳುತ್ತಿದ್ದೆ. ಅವರು ಕೊಡಿಸುವ ಚಹಾಕ್ಕೆ ಎಂದರೂ ತಪ್ಪಿಲ್ಲ.

ಎಂಟು ತಿಂಗಳಾದ ಮೇಲೆ ಒಂದು ಬುಧವಾರ ಕಾಲೇಜಿನ ಗೇಟಿನಲ್ಲಿ ಸ್ಕೂಟರು ನಿಲ್ಲಿಸುತ್ತಿದ್ದಾಗ ಒಬ್ಬ ಹೆಂಗಸು ಅಡ್ಡ ಬಂದಳು. ಕೈಯಲ್ಲಿ ಊಟದ ತೂಕುಪೋಸಿ. ಅಂದರೆ ಮುಚ್ಚಳ, ಹಿಡಿ ಇರುವ ಪಾತ್ರೆ. ಬೆರಳ ತುದಿಗಳಲ್ಲಿ ಬಣ್ಣದ ನೂಲಿನ ಕಲೆ.

"ನೀವೇನಾ ಟೈ ಡಾಕ್ಟ್ರು?"

ಡಾಕ್ಟರಲ್ಲ ಎನ್ನಬಹುದಿತ್ತು. "ಏನಮ್ಮ?" ಎಂದೆ, ಸ್ವಲ್ಪ ದಪ್ಪ ದನಿಯಲ್ಲಿ.

"ನಾನು ರಾಮಾತಾಳು. ಇಲ್ಲಿ ಅಟೆಂಡ್ರು ಅವ್ರಲ್ಲ, ಅವ್ರ ಮನೆಯವ್ಳು." ಅವಳು ಅಳುತ್ತಿರಲಿಲ್ಲ, ಅಳು ಮುಗಿಸಿ ಬಸ್ಸು ಹತ್ತಿದವಳ ಮುಖ. "ಇವ್ರು ಸಾಯ್ತಾರೆ ಸಾಮಿ. ನೀವು ಹೇಳಿದ್ದಕ್ಕೇ ಸಾಯ್ತಾರೆ."

ನನ್ನ ಕಾಲು ಸ್ಕೂಟರಿನ ಸ್ಟ್ಯಾಂಡಿನ ಮೇಲೇ ಉಳಿಯಿತು.

ಅವಳು ಹೇಳಿದ್ದು ಇಷ್ಟು. ಗಿನಿಪಿಗ್ಗುಗಳ ಕೂದಲು, ಮೂತ್ರ ಇವೆಲ್ಲ ಅಂಗಪ್ಪನ್ ಮೈಗೆ ಒಗ್ಗದೆ ಒಂದು ವರ್ಷವಾಗಿತ್ತು. ಮೊದಲು ಕೈ ಕಡಿತ, ಆಮೇಲೆ ಬುಧವಾರ ಬುಧವಾರ ದದ್ದು. ಬೇಸಿಗೆಯಲ್ಲಿ ಒಮ್ಮೆ ಕೆಳತುಟಿ ಊದಿ ಗಲ್ಲ ಮುಟ್ಟಿತು. ದೊಡ್ಡ ಡಾಕ್ಟರು ಮಾತ್ರೆ ಬರೆದುಕೊಟ್ಟು, ದಿನಾ ಎರಡು, ತಪ್ಪಿಸಬಾರದು ಎಂದಿದ್ದರು. ತಿಂಗಳಾದರೂ ದದ್ದು ನಿಲ್ಲಲಿಲ್ಲ. ಹೋದ ಬುಧವಾರ ಮನೆಗೆ ಬಂದವರಿಗೆ ದನಿಯೇ ಇರಲಿಲ್ಲ, ಉಸಿರು ಎಳೆದರೆ ಕೊಳಲಿನ ಶಬ್ದ.

"ಊಸಿ ಚುಚ್ಚಿ ಉಳಿಸವ್ರೆ. ದೊಡ್ಡ ಡಾಕ್ಟ್ರು ನನ್ನ ಕರದು, 'ಮಾತ್ತಿರೆ ತಿಂದೂ ಹಿಂಗಾಯ್ತಾ? ಇನ್ನೊಂದ್ ಸಲ ಗಂಟ್ಲು ಕಟ್ಟಿದ್ರೆ ಇಲ್ಲಿ ತನಕ ಬಂದು ಸೇರ್ತಾರೋ ಇಲ್ಲೆಯೋ' ಅಂದ್ರು. ಮನೇಗ್ ಬಂದು ಚೌಡಮ್ಮನ ಪಟದ ಹಿಂದೆ ಗುಡಿಸ್ತೀನಿ, ಮಾತ್ತಿರೆ ಅಟ್ಟೆ ಎಲ್ಲಾ ಅಲ್ಲೇ! ಒಂದೂ ಒಡದಿಲ್ಲೆ. ಮ್ಯಾಲೆ ಅರಿಸ್ನದ ಬೊಟ್ಟು ಇಟ್ಟವ್ರೆ."

"ನುಂಗಿಲ್ಲವೇ? ಯಾಕೆ?"

"ಅದ ನಿಮ್ಮ ಕೇಳ್ಬೇಕು! ನುಂಗಿದ್ರೆ ಹೊಟ್ಟೆ ನಿಂತೋಗ್ತದಂತೆ. ಟೈ ಕಟ್ಟಿರೋ ಸಾರು ಕೈ ಹಿಂಗೆ ಎಳದು ತೋರ್ಸಿದ್ರಂತೆ." ರಾಮಾತಾಳ್ ತೂಕುಪೋಸಿ ಇಲ್ಲದ ಕೈಯನ್ನು ಅಡ್ಡಲಾಗಿ, ಹಲಗೆ ತಟ್ಟಿದ ಹಾಗೆ ಎಳೆದಳು. ನನಗಿಂತ ಚೆನ್ನಾಗಿ ಬಂತು.

ನಾನು ಚೀಲ ಎತ್ತಿಕೊಂಡು ಮಹಡಿಯ ಕಡೆ ನಡೆದೆ, ಅವಳು ಹಿಂದೆಯೇ ಬಂದಳು.

ಮಹಡಿ ಹತ್ತುವಾಗ ನಾನು ಸಮಾಧಾನದ ಭಾಷಣ ಸಿದ್ಧಮಾಡಿಕೊಂಡೆ. ಅಂಗಪ್ಪನ್ ಕಿಟಕಿಯ ಹತ್ತಿರ ಕೂತು ಡ್ರಮ್ಮಿಗೆ ಕಾಗದ ಸುತ್ತುತ್ತಿದ್ದರು. ಎರಡೂ ಮುಂಗೈ ಮೇಲೆ ಹಳೆಯ ಕೆರೆತದ ಗಾಯ. ನಾನು ಭಾಷಣ ಶುರುಮಾಡಿದೆ: ನಮ್ಮ ಮಾತ್ರೆಯನ್ನು ಲಕ್ಷಾಂತರ ಜನ ನುಂಗುತ್ತಾರೆ, ಡಾಕ್ಟರುಗಳೇ ನುಂಗುತ್ತಾರೆ, ನಾನೇ ನೆಗಡಿಗೆ ಎಷ್ಟೋ ಸಲ—

"ಬನ್ನಿ ಸಾರ್," ಎಂದರು.

ಕಪಾಟಿನ ಮುಂದೆ ಕರೆದುಕೊಂಡು ಹೋದರು. ಅಂಗಿಯ ಜೇಬಿನಿಂದ ಅರಿಸಿನದ ಬೊಟ್ಟಿನ ಅಟ್ಟೆ, ಅಂದರೆ ಮಾತ್ರೆಗಳ ಹಾಳೆ, ತೆಗೆದರು. ನಮ್ಮ ಕಂಪನಿಯದಲ್ಲ, ಎದುರು ಕಂಪನಿಯದು. ಅದೊಂದು ನೋವು ಬೇರೆ. ಅಟ್ಟೆಯನ್ನು ಫೆನಿರಮಿನ್ ಬಾಟಲಿಯ ಚೀಟಿಗೆ ತಾಗಿಸಿ ಹಿಡಿದರು. ಅವರಿಗೆ ಇಂಗ್ಲಿಷ್ ಕೇಳಿದರೆ ಅಷ್ಟಿಷ್ಟು ತಿಳಿಯುತ್ತಿತ್ತು, ಓದಲು ಬಾರದು. ಆದರೆ ಸೀರೆಯ ಅಂಚಿನ ಚಿತ್ತಾರವನ್ನು ಮಾದರಿಯೊಂದಿಗೆ ಹೋಲಿಸುವ ಹಾಗೆ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟುಕೊಂಡು ಹೋದರು, ಇಲ್ಲೊಂದು, ಅಲ್ಲೊಂದು. ಕೊನೆಯ ಅಕ್ಷರದವರೆಗೂ ಒಂದೇ ಆಗಿತ್ತು.

"ಅದೇ ತಾನೆ ಸಾರ್?"

"ಅದೇ."

"ಹದಿಮೂರು ವರ್ಸ ನೋಡಿವ್ನಿ. ಈ ಬಾಟ್ಲು ಮದ್ದು ಬಿದ್ದ ಮ್ಯಾಲೆ ಯಾವ ಹೊಟ್ಟೇನೂ ಎದ್ದಿಲ್ಲೆ." ಅವರು ದನಿ ತಗ್ಗಿಸಿದರು. "ಒಂದೇ ಒಂದು ಎದ್ದಿಲ್ಲೆ ಸಾರ್. ಎಲ್ಲಾ ನಾನೇ ಕತ್ತರ್ಸಿ ಬಕೆಟ್ಟಿಗೆ ಹಾಕಿವ್ನಿ. ನೀವೂ ಅದೇ ಹೇಳಿದ್ರಿ. ಹನ್ನೆರಡು ಗಂಟೆ ಅಂತ. ದಿನಾ ಎರಡು ನುಂಗು ಅಂದ್ರೆ ಇಪ್ಪತ್ನಾಲ್ಕು ಗಂಟೆ ಆಯ್ತು. ಉಣ್ಣೋದು ಯಾವಾಗ? ಉಂಡಿದ್ದು ಹೋಗೋದು ಎಲ್ಲಿಗೆ?"

ಕಂಪನಿಯ ತರಬೇತಿಯಲ್ಲಿ ಈ ಪ್ರಶ್ನೆಗೆ ಉತ್ತರ ಇರಲಿಲ್ಲ. ಇನ್ನೂ ನಾಚಿಕೆಯ ಮಾತು ಹೇಳುತ್ತೇನೆ: ಆ ಬೆಳಿಗ್ಗೆ ನೆಗಡಿಗೆಂದು ನಾನೇ ಒಂದು ಸ್ಯಾಂಪಲ್ ನುಂಗಿದ್ದೆ. ನನ್ನ ಕೈ ತಾನಾಗಿಯೇ ಟೈ ಕೆಳಗೆ ಹೋಗಿ ಹೊಟ್ಟೆಯನ್ನು ಒತ್ತಿ ನೋಡಿತು. ಒಳಗೆ ಯಾರೂ ಇದ್ದ ಹಾಗೆ ಕಾಣಲಿಲ್ಲ.

"ಗಂಟ್ಲು ಕಟ್ಟಿ ಸತ್ರೆ ಒಂದ್ ಗಳಿಗೆ," ಎಂದರು ಅಂಗಪ್ಪನ್. "ಹೊಟ್ಟೆ ನಿಂತು ಸತ್ರೆ ಎಷ್ಟ್ ದಿನವೋ. ಅದಕ್ಕೇ ಚೌಡಮ್ಮನ ಹತ್ರ ಇಟ್ಟೆ. ಅವ್ಳು ಏನಾರ ಹೇಳ್ಲಿ ಅಂತ."

"ಹೇಳಿದ್ಲಾ?" ಬಾಗಿಲಿನಿಂದ ರಾಮಾತಾಳ್ ಕೇಳಿದಳು.

"ಇಲ್ಲೆ."

"ಅವ್ಳಿಗೂ ಬಯ ಹಿಡಿಸಿಬಿಟ್ರಾ?"

ಅಷ್ಟರಲ್ಲಿ ಪ್ರೊಫೆಸರ್ ನಂಜುಂಡನ್ ಬಂದರು. ಉಡುಮಲೈಪೇಟೆ ಕಡೆಯ ಬೇಸಾಯದ ಮನೆಯವರು. ಅಂಗಪ್ಪನ್ ಜೊತೆ ಮಾತ್ರ ಮನೆಯ ಕನ್ನಡ ಆಡುತ್ತಿದ್ದರು. ನಾಲ್ಕು ಮಾತಿನಲ್ಲಿ ರಾಮಾತಾಳ್ ಎಲ್ಲ ಹೇಳಿದಳು. ನನ್ನ ಅಂಗೈಯ ವಿಷಯವನ್ನೂ ಬಿಡಲಿಲ್ಲ. ಪ್ರೊಫೆಸರ್ ನನ್ನನ್ನು ನೋಡಿದ ನೋಟಕ್ಕೆ ಟೈ ಬಿಗಿಯಾಯಿತು.

ಅವರು ಅಂಗಪ್ಪನ್‌ಗೆ ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತು ಕನ್ನಡಕ ತೆಗೆದು, "ಹದಿಮೂರು ವರ್ಷ," ಎಂದರು ತಮಗೇ ಹೇಳಿಕೊಂಡ ಹಾಗೆ. "ಪ್ರತಿ ಸಲ ಅಲ್ಲಿಗೇ ನಿಲ್ಸಿವಿ. ಗಂಟೆ ಬಾರ್ಸಿತು ಅಂತ. ಆಮೇಲೇನಾಗ್ತದೆ ಅಂತ ಇವನಿಗೆ ಯಾರೂ ತೋರ್ಸಲೇ ಇಲ್ಲೆ." ಆಮೇಲೆ ಗಟ್ಟಿಯಾಗಿ, "ಅಂಗಪ್ಪಾ, ಇವತ್ತು ಗಂಟೆ ಬಾರ್ಸಿದ್ರೂ ಡ್ರಮ್ಮು ನಿಲ್ಸಬ್ಯಾಡ. ಆಯ್ತಾ?"

ಪ್ರಾಣಿಯನ್ನು ಕೊಯ್ದು ಪಟ್ಟಿ ತೆಗೆಯುವ ಕೆಲಸ ಲೆಕ್ಚರರಿಗೆ. ಅಂಗಪ್ಪನ್ ದೂರ, ಕಿಟಕಿಯ ಬಳಿ ಇರಬೇಕು ಎಂದು ಅಪ್ಪಣೆಯಾಯಿತು. ಆದರೆ ಲೆಕ್ಚರರ ಗಂಟು ಜಾರಿತು. ಇನ್ನೊಮ್ಮೆ ಕಟ್ಟಿದ, ಕಡ್ಡಿ ಅಲುಗಲಿಲ್ಲ. ಪಟ್ಟಿ ಸತ್ತಿದೆಯೋ ಗಂಟು ಸಡಿಲವೋ ಯಾರಿಗೂ ತಿಳಿಯದು. ಅಂಗಪ್ಪನ್ ಎದ್ದು ಬಂದರು.

"ಬ್ಯಾಡ, ಹೋಗು," ಎಂದರು ಪ್ರೊಫೆಸರ್.

"ಅವ್ರು ಕಟ್ಟಿದ್ದ ನಾನು ನಂಬಾದಿಲ್ಲೆ ಸಾರ್. ಗೆರೆ ಮಲಗಿದ್ರೆ ಮದ್ದಿಗೆ ಮಲಗಿತೋ ಗಂಟಿಗೆ ಮಲಗಿತೋ? ನನ್ನ ಉಸುರಿನ ಕತೆ ಇದು. ನನ್ನ ಗಂಟೇ ಬೇಕು."

ರಬ್ಬರ್ ಕೈಗವಸು ಕೊಟ್ಟರು. ಹಾಕಿಕೊಂಡು ನೋಡಿ ತೆಗೆದಿಟ್ಟರು. ಎಳೆ ಬೆರಳಿಗೆ ತಿಳಿಯದೆ ಗಂಟು ಹಾಕುವುದು ಹೇಗೆ? ಬರಿಗೈಯಲ್ಲಿ ಹೊಸ ಪಟ್ಟಿ ಹಿಡಿದು ಎರಡೂ ತುದಿಗೆ ಕಟ್ಟಿದರು. ಅರ್ಧ ನಿಮಿಷವೂ ಹಿಡಿಯಲಿಲ್ಲ. ಆ ಅರ್ಧ ನಿಮಿಷ ಸಾಕಾಯಿತು.

ಕೊಳವೆಗೆ ಇಳಿಸಿದ ಪಟ್ಟಿ ಹೊಂದಿಕೊಳ್ಳುವುದಕ್ಕೆ ಅರ್ಧ ಗಂಟೆ ಬೇಕು. ಅದಕ್ಕೆ ಮೊದಲು ಯಾವ ಮದ್ದು ಹಾಕಿದರೂ ಲೆಕ್ಕಕ್ಕಿಲ್ಲ. ಅಂಗಪ್ಪನ್ ಸೋಪಿನಲ್ಲಿ ಮೊಳಕೈವರೆಗೆ ತೊಳೆದು ಬಂದು ಬೆಂಚಿನ ಮೇಲೆ ಕೂತರು. ಹತ್ತು ನಿಮಿಷಕ್ಕೆ ಮಣಿಕಟ್ಟಿನಲ್ಲಿ ಕಾಸಿನಗಲದ ದದ್ದು ಎದ್ದಿತು. ಹದಿನೈದಕ್ಕೆ ಮೊಳಕೈ. ಪ್ರೊಫೆಸರ್ ಕಪಾಟಿನಿಂದ, ಉಸಿರು ಕಟ್ಟಿದರೆ ಚುಚ್ಚುವ ಅಡ್ರಿನಲಿನ್ ತೆಗೆದು ಸಿರಿಂಜಿಗೆ ಎಳೆದುಕೊಂಡು ಕೈಯಲ್ಲೇ ಹಿಡಿದು ಕೂತರು. ಡ್ರೈವರ್‌ಗೆ ಕಾರು ತಿರುಗಿಸಿ ನಿಲ್ಲಿಸಲು ಹೇಳಿಕಳಿಸಿದರು.

"ನಿನ್ನ ಹೆಸ್ರು ಹೇಳು," ಎನ್ನುವರು ನಿಮಿಷಕ್ಕೊಮ್ಮೆ.

"ಅಂಗಪ್ಪನ್."

"ದನಿ ಬದ್ಲಾಯ್ತು ಅಂದ್ರೆ ಚುಚ್ಚಿಬಿಡ್ತೀನಿ. ಗೆರೆ ಗಿರೆ ಕಾಯಾದಿಲ್ಲೆ."

"ಸೆರೀಂಗ ಸಾರ್."

ದದ್ದು ತೋಳು ಹತ್ತಿ ಅಂಗಿಯ ಒಳಗೆ ಹೋಯಿತು. ಆಮೇಲೆ ಎಲ್ಲಿದೆ ಎಂದು ಕಾಣದೆ ನಾವೆಲ್ಲ ಕುತ್ತಿಗೆಪಟ್ಟಿಯನ್ನೇ ನೋಡುತ್ತ ಕೂತೆವು. ಕೊನೆಗೆ ಅಲ್ಲಿ ಕಾಣಿಸಿಕೊಂಡಿತು, ಕೆಂಪಗೆ, ಕಿವಿಯ ಕೆಳಗೆ. ರಾಮಾತಾಳ್ ಗೋಡೆಗೆ ಒರಗಿ ನಿಂತು ತುಟಿ ಅಲುಗಿಸುತ್ತಿದ್ದಳು. ನಾನು ಆವರೆಗೆ ಸುಮಾರು ಎಂಟು ಸಾವಿರ ಅಲರ್ಜಿ ಮಾತ್ರೆ ಮಾರಿದ್ದೆ. ಅಲರ್ಜಿ ಎಂದರೇನು ಎಂದು ನೋಡಿದ್ದು ಅವತ್ತು.

"ಬಾಟ್ಲು ಮದ್ದು ಬ್ಯಾಡ," ಎಂದರು ಅಂಗಪ್ಪನ್ ಇದ್ದಕ್ಕಿದ್ದಂತೆ. "ನನ್ನ ಮಾತ್ತಿರೇನೇ ಹಾಕಿ." ಅಟ್ಟೆಯಿಂದ ಒಂದು ಮಾತ್ರೆ ಒಡೆದು ಕೊಟ್ಟರು. ಪ್ರೊಫೆಸರ್ ಅದನ್ನು ಅರೆದು ಉಪ್ಪುನೀರಿನಲ್ಲಿ ಕಲಸಿ ಸೋಸಿದರು. ಅರಿಸಿನಕ್ಕೋ ಏನೋ ನೀರು ಹಳದಿಯ ಹಾಗೆ ಕಂಡಿತು ನನಗೆ. ಭಯದಲ್ಲಿ ಎಲ್ಲವೂ ಹಳದಿಯೇ.

ಅರ್ಧ ಗಂಟೆಯಾಯಿತು. ಮೊದಲು ಬರಿ ಹಿಸ್ಟಮಿನ್. ಕಡ್ಡಿ ಎದ್ದಿತು, ಗುಡ್ಡ ಬಂತು. ಗಂಟು ಸರಿಯಿದೆ. ನೀರು ಬದಲಿಸಿದರು. ಮಾತ್ರೆಯ ನೀರು ಕೆಲವು ತೊಟ್ಟು. ಎರಡು ನಿಮಿಷ. ಮತ್ತೆ ಹಿಸ್ಟಮಿನ್.

ಗೆರೆ ಮಲಗಿತು. ನಾನು ಗಾಳಿಯಲ್ಲಿ ಎಳೆದಿದ್ದ ಹಾಗೆಯೇ, ಒಂದು ಕೂದಲೂ ಏಳದೆ.

ಆ ಹೊತ್ತಿಗೆ ಸರಿಯಾಗಿ ಕಾಲೇಜಿನ ಗಂಟೆ ಬಾರಿಸಿತು. ಅಂಗಪ್ಪನ್ ಕೈ ಹದಿಮೂರು ವರ್ಷದ ರೂಢಿಯಂತೆ ಡ್ರಮ್ಮು ನಿಲ್ಲಿಸಲು ಹೋಯಿತು. ಪ್ರೊಫೆಸರ್ ಅವರ ಮಣಿಕಟ್ಟನ್ನು, ದದ್ದಿನ ಮೇಲೆಯೇ, ಹಿಡಿದುಕೊಂಡರು.

"ಬಿಡು. ತಿರುಗ್ಲಿ. ಈಗ ನೋಡು, ಇದು ಬೇರೆ ಬಾಟ್ಲು. ಹಿಸ್ಟಮಿನ್ ಅಲ್ಲ. ಉಂಡಿದ್ದ ಅರಿ, ಮುಂದಕ್ಕೆ ತಳ್ಳು ಅಂತ ನರ ಹೊಟ್ಟೆಗೆ ಹೇಳ್ತದಲ್ಲ, ಅದು ಹೇಳೋದು ಇದ್ರಿಂದ." ಅಸಿಟೈಲ್‌ಕೋಲಿನ್ ಬಾಟಲಿಯಿಂದ ಒಂದು ತೊಟ್ಟು ಬಿಟ್ಟರು.

ಕಡ್ಡಿ ಅಲುಗಲಿಲ್ಲ. ಬಿಳಿ ಗೆರೆ ಮಟ್ಟಸವಾಗಿ ಹೋಗುತ್ತಲೇ ಇತ್ತು. ಅಂಗಪ್ಪನ್ ಉಸಿರಿನಲ್ಲಿ ಸಣ್ಣ ಶಿಳ್ಳೆ ಕೇಳಿಸಿತು. ಪ್ರೊಫೆಸರ್ ಸಿರಿಂಜಿನ ಮುಚ್ಚಳ ತೆಗೆದರು.

ಆಮೇಲೆ ಕಡ್ಡಿ ಎದ್ದಿತು.

ಯಾರೋ ಕೆಳಗಿನಿಂದ ಹೆಗಲು ಕೊಟ್ಟು ಎಬ್ಬಿಸಿದ ಹಾಗೆ, ನಿಧಾನವಾಗಿ, ನಿಲ್ಲದೆ. ಕರಿ ಕಾಗದದ ಮೇಲೆ ಬಿಳಿ ಗುಡ್ಡ. ಅಂಗಪ್ಪನ್ ಮುಖವನ್ನು ಡ್ರಮ್ಮಿಗೆ ಮೂಗು ತಾಗುವಷ್ಟು ಹತ್ತಿರ ತಂದರು. ಬೆರಳನ್ನು ಕಾಗದಕ್ಕೆ ಮುಟ್ಟಿಸದೆ ಮೊದಲ ಗುಡ್ಡದ ತುದಿಯಿಂದ ಈ ಗುಡ್ಡದ ತುದಿಗೆ ಸರಿಸಿದರು.

"ಸ್ವಲ್ಪ ಗಿಡ್ಡ," ಎಂದರು.

ನಾನು ಬಾಯಿ ಹಾಕಿದೆ. "ಇಲ್ಲ ಇಲ್ಲ, ಅಷ್ಟೇ ಇದೆ! ಒಂದೇ ಸಮ!"

"ಗಿಡ್ಡವೇ," ಎಂದರು ಪ್ರೊಫೆಸರ್. "ಈ ಮದ್ದು ಅದಕ್ಕೂ ಸ್ವಲ್ಪ ಅಡ್ಡ ಬತ್ತದೆ. ಬಾಯಿ ಒಣಗ್ತದೆ. ನಿದ್ದೆ ಬತ್ತದೆ. ಹೊಟ್ಟೆ ಒಂಚೂರು ಮೆತ್ತಗಾಗಬೌದು, ಬೆಳಿಗ್ಗೆ ಕಕ್ಕಸಿಗೆ ಹೊತ್ತಾಗಬೌದು. ನಿಲ್ಲಾದಿಲ್ಲೆ. ಸುಳ್ಳು ಹೇಳಾದಿಲ್ಲೆ ಅಂಗಪ್ಪಾ, ನಿಲ್ಲಾದಿಲ್ಲೆ."

ಅಂಗಪ್ಪನ್ ನನ್ನ ಕಡೆ ಒಮ್ಮೆ, ಪ್ರೊಫೆಸರ್ ಕಡೆ ಒಮ್ಮೆ ನೋಡಿದರು. ನಾನು ಹೇಳಿದ 'ಒಂದೇ ಸಮ'ಕ್ಕೆ ನುಂಗುತ್ತಿರಲಿಲ್ಲ ಎಂದು ಈಗಲೂ ನನಗೆ ಖಾತ್ರಿ. ಬಟ್ಟೆಯಲ್ಲಿ ಇರುವ ದೋಷವನ್ನು ತಾನಾಗಿ ತೋರಿಸಿದವನನ್ನು ಮಾತ್ರ ನೇಕಾರ ನಂಬುವುದು. ಅವರು ಅಟ್ಟೆಯಿಂದ ಇನ್ನೊಂದು ಮಾತ್ರೆ ಒಡೆದು ನಾಲಗೆಯ ಮೇಲೆ ಇಟ್ಟುಕೊಂಡರು. ರಾಮಾತಾಳ್ ನಲ್ಲಿಯ ನೀರು ಹಿಡಿದು ತಂದಳು. ಕಣ್ಣು ಗಟ್ಟಿಯಾಗಿ ಮುಚ್ಚಿ ನುಂಗಿದರು. ಗಂಟಲಲ್ಲಿ ಇಳಿಯುವುದು ನಮಗೆಲ್ಲ ಕಂಡಿತು.

"ಹೆಸ್ರು ಹೇಳು," ಎಂದರು ಪ್ರೊಫೆಸರ್.

"ಅಂಗಪ್ಪನ್." ದನಿ ಸ್ವಲ್ಪ ಒರಟಾಗಿತ್ತು. ಪ್ರೊಫೆಸರ್ ಕಾಯಲಿಲ್ಲ, ಅಂಗಿಯ ತೋಳು ಮೇಲೆತ್ತಿ ಸಿರಿಂಜು ಚುಚ್ಚಿಯೇಬಿಟ್ಟರು. "ಮಾತ್ತಿರೆ ಮೆಲ್ಲಗೆ ನಡ್ಯೋದು. ಇದು ಓಡೋದು. ಎರಡೂ ಇರ್ಲಿ. ಕಾರು ಹತ್ತು."

ದೊಡ್ಡ ಡಾಕ್ಟರ ಆಸ್ಪತ್ರೆಯ ಜಗಲಿಯಲ್ಲಿ ಅವರನ್ನು ಮಂಚದ ಮೇಲೆ ಕೂರಿಸಿದರು, ಮಲಗಲು ಒಪ್ಪಲಿಲ್ಲ. ರಾಮಾತಾಳ್ ತೂಕುಪೋಸಿಯನ್ನು ಮಂಚದ ಅಂಚಿನಲ್ಲಿ ಗೋಡೆಯ ಬದಿಗೆ ಇಟ್ಟಳು. ಒಂದು ಕೈ ಹೊಟ್ಟೆಯ ಮೇಲೆ. ಹತ್ತು ನಿಮಿಷಕ್ಕೆ ಶಿಳ್ಳೆ ನಿಂತಿತು. ಒಂದು ಗಂಟೆಗೆ ಕುತ್ತಿಗೆಯ ಕೆಂಪು ತಿಳಿಯಾಯಿತು. ಆದರೆ ಹೊಟ್ಟೆಯ ಮೇಲಿನ ಕೈ ಅಲುಗಲಿಲ್ಲ. ರಾಮಾತಾಳ್ ಆ ಕೈಯನ್ನೇ ನೋಡುತ್ತಿದ್ದಳು. ಡಾಕ್ಟರು ಬಂದು ಗಂಟಲಿಗೆ ಟಾರ್ಚ್ ಹಾಕಿ ನೋಡಿ, ಇನ್ನೆರಡು ಗಂಟೆ ಇಲ್ಲೇ ಇರಲಿ, ಹಸಿವಾದರೆ ಊಟ ಮಾಡಬಹುದು ಎಂದು ಹೋದರು. ಊಟದ ಮಾತು ಬಂದಾಗ ಅಂಗಪ್ಪನ್ ಮುಖ ತಿರುಗಿಸಿದರು. ಹೊಟ್ಟೆ ನಡೆಯುತ್ತಿದೆಯೋ ಇಲ್ಲವೋ ತಿಳಿಯದೆ ಅದರೊಳಗೆ ಅನ್ನ ಹಾಕುವುದು ಹೇಗೆ?

ಎರಡನೆಯ ಗಂಟೆಯೂ ಮುಗಿಯುತ್ತ ಬಂತು. ಯಾರೂ ಮಾತಾಡುತ್ತಿರಲಿಲ್ಲ. ಇಂಥ ಮೌನವನ್ನು ತುಂಬುವುದು ನನ್ನ ಜವಾಬ್ದಾರಿ ಎಂದು ನನಗೆ ಸದಾ ಅನ್ನಿಸುತ್ತದೆ. ಮಂಚದ ಅಂಚಿಗೆ ಕೂತು, ಗೋಡೆಗೆ ಒರಗಿ, ಪ್ರೊಫೆಸರ್ ಕೇಳುವ ದನಿಯಲ್ಲಿ ಕೇಳಿದೆ:

"ಅಂಗಪ್ಪಣ್ಣ, ಈಗ ಒಳಗೆ ನಿಮಗೆ ಹೇಗನ್ನಿಸುತ್ತಿದೆ? ಹೊಟ್ಟೆಯ ಗೆರೆ ಏಳುತ್ತಿದೆಯೋ, ಮಲಗಿದೆಯೋ?"

ಅವರು ಹೊಟ್ಟೆಯ ಮೇಲಿನ ಕೈ ಮೆಲ್ಲಗೆ ತೆಗೆದರು.

"ಹಸೀತದೆ. ಏಳಿ ಸಾರ್, ತೂಕುಪೋಸಿಗೆ ಬೆನ್ನು ಕೊಟ್ಟು ಕುಂತಿದ್ದೀರಿ."